ಎಂಟು ಗೆಲುವು ಮತ್ತು ನಮೂನೆ 19

ಮಾನ್ಯ ಸಂಪಾದಕರೇ,

ಬಸವರಾಜ ಹೊರಟ್ಟಿಯವರ ಹೆಸರು ಬಂದಲ್ಲೆಲ್ಲ ‘ಸತತ ಎಂಟು ಗೆಲುವು’ ಎಂಬ ಮಾತು ಬೆನ್ನಿಗೇ ಬರುತ್ತದೆ. 1980, 1986, 1992, 1998, 2004, 2010, 2016, 2022: ಎಂಟು ಚುನಾವಣೆಗಳೂ ಒಂದೇ ಕ್ಷೇತ್ರದಲ್ಲಿ, ಶಿಕ್ಷಕರಷ್ಟೇ ಮತ ಹಾಕುವ ವಿಧಾನ ಪರಿಷತ್ತಿನ ಕರ್ನಾಟಕ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ ನಡೆದವು. ಇದಕ್ಕೆ ಕಾರಣ ಕೇಳಿದರೆ ಕೆಲವರು ವರ್ಚಸ್ಸು ಎನ್ನುತ್ತಾರೆ, ಕೆಲವರು ಜಾತಿಯ ಲೆಕ್ಕ ಎನ್ನುತ್ತಾರೆ, ಇನ್ನು ಕೆಲವರು ಪಕ್ಷದ ಬಲ ಎನ್ನುತ್ತಾರೆ. ಪಕ್ಷದ ಮಾತಂತೂ ನಿಲ್ಲುವುದಿಲ್ಲ. ಮೊದಲ ಸಲ ಅವರು ಗೆದ್ದದ್ದು ಪಕ್ಷೇತರರಾಗಿ. ಆಮೇಲೆ ದಶಕಗಳ ಕಾಲ ಜನತಾ ಪರಿವಾರದಲ್ಲಿದ್ದರು. 2022ರ ಮೇ ತಿಂಗಳಲ್ಲಿ ಸಭಾಪತಿ ಸ್ಥಾನಕ್ಕೂ ಸದಸ್ಯತ್ವಕ್ಕೂ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು, ಮರುತಿಂಗಳೇ ಮತ್ತೆ ಗೆದ್ದರು. ಚಿಹ್ನೆ ಬದಲಾದರೂ ಮತದಾರರು ಬದಲಾಗಲಿಲ್ಲ. ಆದ್ದರಿಂದ ಈ ಗೆಲುವುಗಳ ಕಾರಣವನ್ನು ಆ ಚುನಾವಣೆ ನಡೆಯುವ ಕ್ರಮದಲ್ಲೇ ಹುಡುಕಬೇಕು. ಆ ಕ್ರಮ ಶಿಕ್ಷಕರಲ್ಲೇ ಬಹಳ ಮಂದಿಗೆ ಸರಿಯಾಗಿ ತಿಳಿದಿಲ್ಲ. 2028ರ ಮಧ್ಯಭಾಗದಲ್ಲಿ ಈ ಸ್ಥಾನದ ಅವಧಿ ಮುಗಿಯಲಿದೆ, ಮತದಾರರ ಪಟ್ಟಿಯ ಕೆಲಸ 2027ರ ಅಕ್ಟೋಬರಿಗೇ ಶುರುವಾಗುತ್ತದೆ. ಅದಕ್ಕೇ ಈ ಪತ್ರ.

ಮೊದಲು ಕ್ಷೇತ್ರದ ಹರವು ನೋಡಿ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಎಂಬ ನಾಲ್ಕು ಜಿಲ್ಲೆಗಳು. ವಿಧಾನಸಭೆಯ ಲೆಕ್ಕದಲ್ಲಿ ಕ್ರಮವಾಗಿ 7, 4, 6, 6, ಒಟ್ಟು 23 ಕ್ಷೇತ್ರಗಳು. 23 ಶಾಸಕರು ಓಡಾಡುವ ನೆಲಕ್ಕೆ ಶಿಕ್ಷಕರ ಪ್ರತಿನಿಧಿ ಒಬ್ಬರೇ. ಆದರೆ ಮತದಾರರ ಸಂಖ್ಯೆ ಇಪ್ಪತ್ತು ಸಾವಿರದೊಳಗೆ. ಭಟ್ಕಳದ ಒಂದು ಹೈಸ್ಕೂಲಿನಲ್ಲಿ ಎಂಟು ಮತ, ರೋಣದ ಒಂದು ಜೂನಿಯರ್ ಕಾಲೇಜಿನಲ್ಲಿ ಹನ್ನೆರಡು ಮತ ಎಂಬಂತೆ ಅವರು ಚದುರಿಹೋಗಿದ್ದಾರೆ. ಇಲ್ಲಿ ಬಹಿರಂಗ ಸಭೆಯಿಂದ, ಧ್ವನಿವರ್ಧಕ ಕಟ್ಟಿದ ಗಾಡಿಯಿಂದ ಏನೂ ಆಗದು. ಸ್ಟಾಫ್ ರೂಮಿನ ಬಾಗಿಲು ತಟ್ಟಿ ಹೆಸರು ಹಿಡಿದು ಮಾತಾಡಿಸಬೇಕು.

ಹೊರಟ್ಟಿಯವರು ಮುಧೋಳ ತಾಲ್ಲೂಕಿನ ಯಡಹಳ್ಳಿಯವರು, ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದವರು. ಇದನ್ನು ಎಲ್ಲರೂ ಪರಿಚಯದ ಸಾಲಿನಲ್ಲಿ ಬರೆದು ಮುಂದೆ ಹೋಗುತ್ತಾರೆ, ನನಗೆ ಅದೇ ಮುಖ್ಯವಾಗಿ ಕಾಣುತ್ತದೆ. ಗಣಿತದ ಮಾಸ್ತರರ ಪರಿಚಯ ತಮ್ಮ ಶಾಲೆಯ ಗೋಡೆಯೊಳಗೆ ಉಳಿಯಬಹುದು. ಪಿ.ಟಿ. ಮಾಸ್ತರರು ಹಾಗಲ್ಲ. ವಲಯ, ತಾಲ್ಲೂಕು, ಜಿಲ್ಲಾ ಕ್ರೀಡಾಕೂಟ ಎಂದು ವರ್ಷವಿಡೀ ತಂಡ ಕಟ್ಟಿಕೊಂಡು ಊರೂರು ತಿರುಗುತ್ತಾರೆ. ಮೈದಾನಕ್ಕೆ ಸುಣ್ಣ ಹಾಕುವುದರಿಂದ ಹಿಡಿದು ಮಕ್ಕಳ ಊಟ ವಸತಿಯವರೆಗೆ ಪರವೂರಿನ ಶಿಕ್ಷಕರೊಂದಿಗೆ ಸೇರಿ ಕೆಲಸ ಮಾಡುತ್ತಾರೆ. ಇಷ್ಟು ಚದುರಿದ ಕ್ಷೇತ್ರಕ್ಕೆ ಬೇಕಾದ ಪರಿಚಯದ ಜಾಲ ಅಂಥ ವೃತ್ತಿಯಲ್ಲಿ ತಾನಾಗಿಯೇ ಬೆಳೆಯುತ್ತದೆ.

ಎರಡನೆಯದು ಪಟ್ಟಿ. ಈ ಚುನಾವಣೆಯ ಅರ್ಧ ಸೋಲುಗೆಲುವು ಮತದಾನಕ್ಕೆ ಏಳೆಂಟು ತಿಂಗಳು ಮೊದಲೇ ತೀರ್ಮಾನವಾಗಿರುತ್ತದೆ ಎಂದರೆ ಹೆಚ್ಚಲ್ಲ. ವಿಧಾನಸಭೆಯ ಪಟ್ಟಿಯಲ್ಲಿ ಒಮ್ಮೆ ಹೆಸರು ಸೇರಿದರೆ ತೆಗೆಯುವವರೆಗೂ ಇರುತ್ತದೆ. ಶಿಕ್ಷಕರ ಕ್ಷೇತ್ರದ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ, ಸೊನ್ನೆಯಿಂದ ತಯಾರಿಸುತ್ತಾರೆ. 2022ರಲ್ಲಿ ಮತ ಹಾಕಿದವರೂ 2027ರಲ್ಲಿ ಹೆಸರು ಸೇರಿಸುವ ಅರ್ಜಿಯಾದ ನಮೂನೆ 19 ತುಂಬದಿದ್ದರೆ 2028ರಲ್ಲಿ ಮತದಾರರಲ್ಲ. ಮನೆಯಲ್ಲಿರುವ ಗುರುತಿನ ಚೀಟಿಯಾಗಲೀ ವಿಧಾನಸಭೆಯ ಪಟ್ಟಿಯಲ್ಲಿರುವ ಹೆಸರಾಗಲೀ ಇಲ್ಲಿ ನೆರವಿಗೆ ಬರುವುದಿಲ್ಲ. ಅಕ್ಟೋಬರ್ 1ರಂದು ಸಾರ್ವಜನಿಕ ಪ್ರಕಟಣೆ ಬರುತ್ತದೆ, ನವೆಂಬರ್ ಮೊದಲ ವಾರಕ್ಕೆ ಅರ್ಜಿಯ ಗಡುವು ಮುಗಿಯುತ್ತದೆ, ಆ ತಿಂಗಳ ಕೊನೆಯೊಳಗೆ ಕರಡು ಪಟ್ಟಿ, ಡಿಸೆಂಬರ್ ಕೊನೆಗೆ ಅಂತಿಮ ಪಟ್ಟಿ. ಆಮೇಲೂ ಹೆಸರು ಸೇರಿಸಲು ಅವಕಾಶವಿದೆ, ಆದರೆ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿತೆಂದರೆ ಪಟ್ಟಿಯನ್ನು ಯಾರೂ ಮುಟ್ಟುವಂತಿಲ್ಲ.

ಅರ್ಹತೆಯ ವಿಷಯದಲ್ಲೇ ಹೆಚ್ಚು ಗೊಂದಲ. ಅರ್ಹತಾ ದಿನಾಂಕ ನವೆಂಬರ್ 1. ಅದಕ್ಕೆ ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷ, ಪ್ರೌಢಶಾಲೆಗೆ ಕಡಿಮೆಯಲ್ಲದ, ಸರ್ಕಾರ ಅಧಿಸೂಚಿಸಿದ ಸಂಸ್ಥೆಯಲ್ಲಿ ಪಾಠ ಮಾಡಿರಬೇಕು. ‘ಒಟ್ಟು’ ಎಂಬ ಪದವನ್ನು ಗಮನಿಸಿ. ಮೂರು ವರ್ಷ ಒಂದೇ ಸಮನೆ ಇರಬೇಕೆಂದಿಲ್ಲ, ಒಂದೇ ಶಾಲೆಯಲ್ಲಿ ಇರಬೇಕೆಂದೂ ಇಲ್ಲ. ಎರಡು ಕಡೆಯ ಸೇವೆ ಸೇರಿಸಿ ಮೂರು ವರ್ಷವಾದರೂ ಆಯಿತು, ಆದರೆ ಎರಡೂ ಕಡೆಯ ಮುಖ್ಯಸ್ಥರಿಂದ ದಿನಾಂಕ ಸಹಿತ ಪ್ರಮಾಣಪತ್ರ ಬೇಕು. ನಿವೃತ್ತರು ‘ನಮ್ಮದು ಮುಗಿಯಿತು’ ಎಂದು ಸುಮ್ಮನಾಗುತ್ತಾರೆ, ಅದೂ ತಪ್ಪು. 2027ರ ನವೆಂಬರ್ 1ರಿಂದ ಆರು ವರ್ಷ ಹಿಂದೆ ಹೋದರೆ 2021ರ ನವೆಂಬರ್ 1. ಅಲ್ಲಿಂದ ಎಡೆಬಿಡದೆ ಪಾಠ ಮಾಡಿ 2024ರ ಅಕ್ಟೋಬರ್ 31ರಂದು ಅಥವಾ ಆಮೇಲೆ ನಿವೃತ್ತರಾದವರಿಗೆ ಮೂರು ವರ್ಷ ತುಂಬಿರುತ್ತದೆ, ಅವರು ಅರ್ಜಿ ಹಾಕಬಹುದು. ಇತ್ತ, 2024ರ ನವೆಂಬರ್ 1ರೊಳಗೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ಲೆಕ್ಕ ಸರಿಹೋಗುತ್ತದೆ. ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಈ ಮತ ಇಲ್ಲವೇ ಇಲ್ಲ. ಸಂಖ್ಯೆಯಲ್ಲಿ ಅವರೇ ದೊಡ್ಡವರು, ‘ಶಿಕ್ಷಕರ ಪ್ರತಿನಿಧಿ’ ಎಂಬ ಹೆಸರಿನಡಿ ಅವರಿಗೇ ಜಾಗವಿಲ್ಲದಿರುವುದು ನ್ಯಾಯವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಅದು ಸಂವಿಧಾನದ 171ನೇ ವಿಧಿಯಲ್ಲೇ ಇರುವ ಗೆರೆ, ರಾಜ್ಯದ ಆದೇಶದಿಂದ ಅಳಿಸಲಾಗದು.

ಇನ್ನೊಂದು ದೊಡ್ಡ ಎಡವಟ್ಟು ವಿಳಾಸದ್ದು. ಶಾಲೆ ಎಲ್ಲಿದೆ ಎಂಬುದರ ಮೇಲೆ ಕ್ಷೇತ್ರ ನಿರ್ಧಾರವಾಗುವುದಿಲ್ಲ, ವಾಸ ಎಲ್ಲಿ ಎಂಬುದರ ಮೇಲೆ ಆಗುತ್ತದೆ. ಕಿತ್ತೂರಿನಲ್ಲಿ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಧಾರವಾಡದ ಶಾಲೆಗೆ ಬರುವವರು ಪಶ್ಚಿಮ ಕ್ಷೇತ್ರದವರಲ್ಲ. ಅವರ ಮತ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ವಾಯವ್ಯ ಶಿಕ್ಷಕರ ಕ್ಷೇತ್ರಕ್ಕೆ ಸೇರಬೇಕು. ಶಾಲೆಯ ವಿಳಾಸವನ್ನೇ ಮನೆಯ ವಿಳಾಸವೆಂದು ಬರೆದುಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ, ಇಲ್ಲವೇ ಕರಡು ಪಟ್ಟಿಯ ಮೇಲೆ ಆಕ್ಷೇಪ ಬರುತ್ತದೆ.

ಇಷ್ಟೆಲ್ಲ ಕಾಗದದ ಕೆಲಸವನ್ನು ಯಾರು ಮಾಡುತ್ತಾರೆ? ಶಿಕ್ಷಕರು ತಾವಾಗಿ ಮಾಡುವುದು ಕಡಿಮೆ. ನಮೂನೆ ತಂದುಕೊಡುವುದು, ತುಂಬಿಸುವುದು, ಮುಖ್ಯೋಪಾಧ್ಯಾಯರ ಸಹಿ ಮೊಹರು ಹಾಕಿಸುವುದು, ಕರಡು ಪಟ್ಟಿಯಲ್ಲಿ ಹೆಸರು ಹುಡುಕಿಕೊಡುವುದು ಎಲ್ಲವನ್ನೂ ಅಭ್ಯರ್ಥಿಯಾಗಲಿರುವವರ ಕಡೆಯವರಿಗೆ ಬಿಟ್ಟುಬಿಡುತ್ತಾರೆ. ಯಾರ ಕೈಯಲ್ಲಿ ನಾಲ್ಕೂ ಜಿಲ್ಲೆಗಳಲ್ಲಿ ಈ ಕೆಲಸ ಮಾಡುವ ಜನ ಇದ್ದಾರೋ ಅವರಿಗೆ ಅನುಕೂಲ. ಹಾಲಿ ಸದಸ್ಯರಿಗೆ ಹಿಂದಿನ ಪಟ್ಟಿಯ ಪರಿಚಯ ಇರುತ್ತದೆ, ಎದುರಾಳಿ ಹೆಚ್ಚಾಗಿ ಚುನಾವಣೆಯ ವರ್ಷದಲ್ಲಿ ಕಣ್ಣುಬಿಡುತ್ತಾನೆ. ನಾಲ್ಕು ದಶಕ ಈ ಒಂದೇ ಕ್ಷೇತ್ರವನ್ನು ಬಿಡದೆ ಹಿಡಿದವರ ಎದುರು ಹೊಸಬರು ನಿಲ್ಲಲಾಗದ ಕಾರಣ ಬಹುಪಾಲು ಇಲ್ಲಿದೆ. ಇದು ಅಕ್ರಮವೇನಲ್ಲ, ಶ್ರಮವೇ. ಆದರೆ ಆ ಶ್ರಮ ಮತದಾರರೇ ಪಡಬೇಕಾದದ್ದು.

ಈಗ ಮತಪತ್ರಕ್ಕೆ ಬರುತ್ತೇನೆ. 2022ರ ಜೂನ್ 13ರ ಮತದಾನದಲ್ಲಿ ಹೊರಟ್ಟಿಯವರಿಗೆ 9,266, ಸಮೀಪದ ಪ್ರತಿಸ್ಪರ್ಧಿ ಕಾಂಗ್ರೆಸ್ಸಿನ ಬಸವರಾಜ ಗುರಿಕಾರರಿಗೆ 4,597 ಮತ ಬಂದವು. ಅಂತರ 4,669. ಅದೇ ಎಣಿಕೆಯಲ್ಲಿ ಸಾವಿರಕ್ಕೂ ಮಿಕ್ಕಿ ಮತಗಳು ತಿರಸ್ಕೃತವಾದವು. ಮಕ್ಕಳ ಉತ್ತರಪತ್ರಿಕೆ ತಿದ್ದುವವರು ಹಾಕಿದ ಮತಗಳಿವು. ಮನಸ್ಸಿಗೆ ನೋವಾಗುತ್ತದೆ.

ಇಲ್ಲಿ ಮತಯಂತ್ರ ಇಲ್ಲ, ಕಾಗದದ ಮತಪತ್ರ. ಅಭ್ಯರ್ಥಿಯ ಹೆಸರಿನ ಎದುರು ಪ್ರಾಶಸ್ತ್ಯದ ಅಂಕಿ, ಅಂದರೆ ಮೊದಲ ಆಯ್ಕೆಗೆ 1, ಎರಡನೆಯದಕ್ಕೆ 2 ಎಂದು ಬರೆಯಬೇಕು. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು, ಜೇಬಿನ ಪೆನ್ನಿಗೆ ಕೈ ಹೋಗಬಾರದು. 1 ಎಂದಾಗಲೀ, ಕನ್ನಡದ ೧ ಎಂದಾಗಲೀ, ರೋಮನ್ ಅಂಕಿಯಲ್ಲಾಗಲೀ ಬರೆಯಬಹುದು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ ಮತ ಹಾಳು. ರೈಟ್ ಗುರುತು ಹಾಕಿದರೆ ಹಾಳು, ಶಿಕ್ಷಕರಿಗೆ ಕೈರೂಢಿ ಇರುವ ಗುರುತೇ ಅದು, ಅದಕ್ಕೇ ಈ ತಪ್ಪು ಸುಲಭವಾಗಿ ಆಗುತ್ತದೆ. ಇಬ್ಬರ ಎದುರು 1 ಬರೆದರೂ, ಒಬ್ಬರ ಎದುರೇ 1 ಮತ್ತು 2 ಎರಡನ್ನೂ ಬರೆದರೂ, ಸಹಿ ಹಾಕಿದರೂ, ಗುರುತು ಸಿಗುವಂಥ ಏನೇ ಗೀಚಿದರೂ ಮತ ತಿರಸ್ಕೃತ. 1 ಬರೆಯದೆ 2ರಿಂದ ಶುರು ಮಾಡಿದರೂ ಅಷ್ಟೇ. ಆದರೆ 1 ಸರಿಯಾಗಿದ್ದು, 2 ಬಿಟ್ಟು 3 ಬರೆದಿದ್ದರೆ ಅಥವಾ ಇಬ್ಬರಿಗೆ 2 ಕೊಟ್ಟಿದ್ದರೆ ಮೊದಲ ಪ್ರಾಶಸ್ತ್ಯ ಉಳಿಯುತ್ತದೆ, ಮುಂದಿನದು ಲೆಕ್ಕಕ್ಕೆ ಬರುವುದಿಲ್ಲ. 1 ಒಂದನ್ನೇ ಬರೆದು ಉಳಿದದ್ದನ್ನು ಖಾಲಿ ಬಿಟ್ಟರೂ ಮತ ಸಿಂಧು.

ಎಣಿಕೆ ಹೀಗೆ. ಸಿಂಧು ಮತಗಳನ್ನು ಎರಡರಿಂದ ಭಾಗಿಸಿ ಒಂದು ಕೂಡಿಸಿದರೆ ಗೆಲುವಿನ ಕೋಟಾ. 12,000 ಸಿಂಧು ಮತ ಇವೆ ಎಂದುಕೊಳ್ಳಿ, ಕೋಟಾ 6,001. ನಾಲ್ವರಿಗೆ 5,200, 4,100, 1,500, 1,200 ಬಂದರೆ ಮೊದಲ ಸುತ್ತಿನಲ್ಲಿ ಯಾರೂ ಗೆದ್ದಿಲ್ಲ. ಕೊನೆಯವರನ್ನು ಹೊರಗಿಟ್ಟು ಅವರ 1,200 ಮತಪತ್ರಗಳಲ್ಲಿ 2 ಎಲ್ಲಿದೆ ಎಂದು ನೋಡುತ್ತಾರೆ. ಮೊದಲಿಗರಿಗೆ 500, ಎರಡನೆಯವರಿಗೆ 300, ಮೂರನೆಯವರಿಗೆ 100 ಹೋಗಿ, 300ರಲ್ಲಿ ಎರಡನೇ ಪ್ರಾಶಸ್ತ್ಯವೇ ಇಲ್ಲದಿದ್ದರೆ ಅವು ಅಲ್ಲಿಗೇ ನಿಲ್ಲುತ್ತವೆ. ಆಗಲೂ ಮೊದಲಿಗರು 5,700ಕ್ಕೆ ನಿಂತರು. ಮೂರನೆಯವರ 1,600 ಬಿಚ್ಚಿದಾಗ 400 ಸಿಕ್ಕರೆ 6,100, ಆಗ ಗೆಲುವು. 2022ರಲ್ಲಿ ಮೊದಲ ಪ್ರಾಶಸ್ತ್ಯದಲ್ಲೇ ಫಲಿತಾಂಶ ಮುಗಿದದ್ದರಿಂದ ಇದು ಯಾರ ಗಮನಕ್ಕೂ ಬರಲಿಲ್ಲ. ಬಿಗಿ ಸ್ಪರ್ಧೆಯಾದರೆ ಖಾಲಿ ಬಿಟ್ಟ ಆ ‘2’ ಗೆಲುವನ್ನೇ ತಿರುಗಿಸಬಲ್ಲದು.

ಇನ್ನು ಅವರ ಕೆಲಸದ ಬಗ್ಗೆ. 2006–07ರಲ್ಲಿ ಕುಮಾರಸ್ವಾಮಿಯವರ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿದ್ದಾಗ, ಕನ್ನಡ ಮಾಧ್ಯಮಕ್ಕೆಂದು ಅನುಮತಿ ಪಡೆದು ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದ ಶಾಲೆಗಳ ಮಾನ್ಯತೆ ರದ್ದುಪಡಿಸಲು ಹೊರಟರು. ಅಂಥ ಶಾಲೆಗಳ ಆಡಳಿತ ಮಂಡಳಿಗಳ ಕೈಕೆಳಗೇ ಶಿಕ್ಷಕ ಮತದಾರರು ದುಡಿಯುತ್ತಾರೆ. ಆ ಕ್ಷೇತ್ರದ ಸದಸ್ಯರೊಬ್ಬರು ಆಡಳಿತ ಮಂಡಳಿಗಳನ್ನು ಎದುರು ಹಾಕಿಕೊಳ್ಳುವುದು ಸಣ್ಣ ಮಾತಲ್ಲ, ಅದಕ್ಕೆ ಗೌರವ ಸಲ್ಲಬೇಕು. ಮುಂದೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಮಾತೃಭಾಷಾ ಮಾಧ್ಯಮದ ಕಡ್ಡಾಯವನ್ನು ಒಪ್ಪಲಿಲ್ಲ, ಅದು ಬೇರೆ ಕಥೆ.

2020ರ ಡಿಸೆಂಬರ್ 15ರಂದು ಪರಿಷತ್ತಿನಲ್ಲಿ ಪೀಠದ ಸುತ್ತಲೇ ಎಳೆದಾಟ ನಡೆದು ಸದನದ ಮಾನ ಹೋಗಿತ್ತು. ಅದರ ಬೆನ್ನಿಗೆ, 2021ರ ಫೆಬ್ರುವರಿಯಲ್ಲಿ ಹೊರಟ್ಟಿಯವರು ಸಭಾಪತಿಯಾದರು. ಪಕ್ಷ ಬದಲಿಸಿ ಗೆದ್ದ ಮೇಲೆ, 2022ರ ಡಿಸೆಂಬರಿನಲ್ಲಿ ಅವಿರೋಧವಾಗಿ ಮತ್ತೆ ಅದೇ ಪೀಠಕ್ಕೆ ಬಂದರು. ಗೌರವದ ಸ್ಥಾನ, ಸಂದೇಹವಿಲ್ಲ. ಆದರೆ ಇದರ ಇನ್ನೊಂದು ಮುಖವನ್ನು ಶಿಕ್ಷಕರು ಯೋಚಿಸಿದಂತಿಲ್ಲ. ಪೀಠದಲ್ಲಿ ಕುಳಿತವರು ಪ್ರಶ್ನೋತ್ತರ ಕಲಾಪದಲ್ಲಿ ಪ್ರಶ್ನೆ ಕೇಳುವುದಿಲ್ಲ, ಚರ್ಚೆಯಲ್ಲಿ ಪಕ್ಷ ವಹಿಸುವುದಿಲ್ಲ, ಮತಗಳು ಸಮಸಮ ಆದಾಗ ಮಾತ್ರ ಮತ ಹಾಕುತ್ತಾರೆ. 75 ಸದಸ್ಯರ ಪರಿಷತ್ತಿನಲ್ಲಿ ಶಿಕ್ಷಕರ ಸ್ಥಾನ ಏಳೇ ಏಳು. ಅನುದಾನಿತ ಶಾಲೆಗಳ ಖಾಲಿ ಹುದ್ದೆ, ಅನುದಾನ ಸಿಗುವ ಮುಂಚಿನ ಸೇವೆಯನ್ನೂ ಲೆಕ್ಕಕ್ಕೆ ಹಿಡಿಯುವ ಕಾಲ್ಪನಿಕ ವೇತನ, 1995ರ ನಂತರ ಆರಂಭವಾದ ಶಾಲೆಗಳ ಅನುದಾನ, 2006ರ ಏಪ್ರಿಲ್ ನಂತರ ಸೇರಿದವರ ಪಿಂಚಣಿ, ಇವೆಲ್ಲ ಸದನದಲ್ಲಿ ಎದ್ದು ನಿಂತು ಕೇಳಬೇಕಾದ ಪ್ರಶ್ನೆಗಳು. ಸಭಾಪತಿ ಕೊಠಡಿಗೆ ಅಧಿಕಾರಿಗಳನ್ನು ಕರೆಸಿ ಮಾತಾಡಬಹುದು, ಅದರಿಂದ ಕೆಲಸಗಳೂ ಆಗುತ್ತವೆ. ಆದರೆ ಸದನದಲ್ಲಿ ಸಚಿವರು ಕೊಟ್ಟ ಉತ್ತರ ಕಡತದಲ್ಲಿ ಉಳಿಯುತ್ತದೆ, ಮುಂದೆ ಹಿಡಿದು ಕೇಳಬಹುದು. ಕೊಠಡಿಯ ಮಾತಿಗೆ ಆ ಬಲವಿಲ್ಲ. ನಾಲ್ಕು ಜಿಲ್ಲೆಯ ಶಿಕ್ಷಕರು ಮುಂದಿನ ಸಲ ಯಾರನ್ನೇ ಆರಿಸಲಿ, ಈ ಪ್ರಶ್ನೆಯನ್ನು ಅಭ್ಯರ್ಥಿಗಳ ಮುಂದೆ ಮೊದಲೇ ಇಡಬೇಕು.

ಕಡೆಯದಾಗಿ ಇಲಾಖೆಗೆ ಮತ್ತು ಮುಖ್ಯೋಪಾಧ್ಯಾಯರಿಗೆ ಒಂದು ವಿನಂತಿ. ಅರ್ಜಿಯ ಗಡುವಿನೊಳಗೇ ದಸರಾ ರಜೆ ಬೀಳುತ್ತದೆ. ಶಾಲೆಗೆ ಬೀಗ, ಮೊಹರು ಕಪಾಟಿನೊಳಗೆ, ಸಹಿ ಹಾಕಬೇಕಾದವರು ಊರಿಗೆ ಹೋಗಿರುತ್ತಾರೆ. ರಜೆ ಮುಗಿಸಿ ಬಂದಾಗ ಉಳಿಯುವ ದಿನಗಳು ಸಾಲುವುದಿಲ್ಲ. ಸಂಸ್ಥೆಯ ಮುಖ್ಯಸ್ಥರು ತಮ್ಮ ಸಿಬ್ಬಂದಿಯ ಅರ್ಜಿಗಳನ್ನೆಲ್ಲ ಒಟ್ಟಿಗೆ ಸಲ್ಲಿಸಲು ಅವಕಾಶವಿದೆ. 2027ರ ಸೆಪ್ಟೆಂಬರಿನಲ್ಲೇ ಪ್ರತಿ ಹೈಸ್ಕೂಲಿಗೆ, ಕಾಲೇಜಿಗೆ ನಮೂನೆ 19 ತಲುಪಲಿ. ಸೇವಾ ವಿವರ, ಮನೆಯ ವಿಳಾಸ ತುಂಬಿಸಿ, ರಜೆಗೆ ಬೀಗ ಹಾಕುವ ಮುನ್ನವೇ ಸಹಿ ಮೊಹರು ಆಗಿಬಿಡಲಿ.

ನಿವೃತ್ತ ಮುಖ್ಯೋಪಾಧ್ಯಾಯ,
ಧಾರವಾಡ