ಮೆಟ್ರೊ ಬಂತೆಂದು ಲೋಕಲ್ ರೈಲು ಬೇಡವೇ?

ಮಾನ್ಯ ಸಂಪಾದಕರೇ,

‘ಮೆಟ್ರೊ ಬಂದ ಮೇಲೆ ಲೋಕಲ್ ರೈಲನ್ನು ಕೇಳುವವರು ಯಾರು’ ಎಂದು ಅಧಿಕಾರಿಯೊಬ್ಬರು ನಮ್ಮ ಬಡಾವಣೆಯ ಸಭೆಯಲ್ಲಿ ಆಡಿದ ಮಾತಿನ ವರದಿಯನ್ನು ಇಂದು ಬೆಳಿಗ್ಗೆ ನಾನು ಓದಿದ್ದು ರೈಲು ನಿಲ್ದಾಣದಲ್ಲೇ. ಎಂಟರ ಲೋಕಲ್ ಮುಕ್ಕಾಲು ಗಂಟೆಯಾದರೂ ಬರಲಿಲ್ಲ. ನೆರಳಿಲ್ಲದ ಪ್ಲಾಟ್‌ಫಾರಂನಲ್ಲಿ ಕಾದು ಸಾಕಾಗಿ, ಆಟೊಗೆ ನೂರಿಪ್ಪತ್ತು ರೂಪಾಯಿ ತೆತ್ತು ಮೆಟ್ರೊ ಹಿಡಿದರೂ ಅರ್ಧ ದಿನದ ರಜೆ ಹಾಕಬೇಕಾಯಿತು. ಕೇಳುವವರು ನಾವು, ಅಲ್ಲಿ ನಿಂತಿದ್ದವರೆಲ್ಲರೂ.

ನ್ಯೂಯಾರ್ಕ್‌ನಲ್ಲೂ ಮೆಟ್ರೊ ಬಂದ ಮೇಲೆ ಲೋಕಲ್ ರೈಲು ತಾನಾಗಿ ನಿಂತಿತು ಎಂದು ಆ ಅಧಿಕಾರಿ ಉದಾಹರಣೆ ಕೊಟ್ಟಿದ್ದಾರೆ. ನಿಂತ ಮೇಲೆ ಏನಾಯಿತು ಎಂಬುದನ್ನೂ ಹೇಳಬೇಕಿತ್ತು. ಅಲ್ಲಿನವರು ಸಬ್‌ವೇ ಎನ್ನುವ ಮೆಟ್ರೊ 1904ರಲ್ಲಿ ಶುರುವಾಯಿತು. ಎಷ್ಟೇ ದೂರ ಹೋದರೂ ಐದು ಸೆಂಟ್, ಆ ದರ 1948ರವರೆಗೂ ಏರಲಿಲ್ಲ. ಹೊಸ ಮಾರ್ಗಗಳಿಗಾಗಿ ನಗರಾಡಳಿತ 1913ರಲ್ಲಿ ಖಾಸಗಿ ಕಂಪನಿಗಳೊಂದಿಗೆ ಮಾಡಿಕೊಂಡ ಒಪ್ಪಂದಗಳ ನಂತರ ಹಳಿಗಳು ನಗರದ ಪೂರ್ವ ಭಾಗವಾದ ಕ್ವೀನ್ಸ್‌ನ ಹೊಲಗಳವರೆಗೂ ಚಾಚಿದವು, ಹಳಿಯ ಹಿಂದೆಯೇ ಸೈಟು, ಮನೆ, ಅಪಾರ್ಟ್‌ಮೆಂಟುಗಳು ಎದ್ದವು. 1928ರಲ್ಲಿ ಸಬ್‌ವೇ ಕ್ವೀನ್ಸ್‌ನ ಫ್ಲಶಿಂಗ್ ಬಡಾವಣೆಯನ್ನು ಮುಟ್ಟಿತು. ಅದರಾಚೆಯ ವೈಟ್‌ಸ್ಟೋನ್‌ಗೆ ಹೋಗುತ್ತಿದ್ದ ಲೋಕಲ್ ರೈಲಿನ ಮಾರ್ಗ 1932ರಲ್ಲಿ ಮುಚ್ಚಿತು. ವೈಟ್‌ಸ್ಟೋನ್‌ಗೆ ಸಬ್‌ವೇ ಬರಲಿಲ್ಲ, ರೈಲೂ ಮರಳಲಿಲ್ಲ; ಅಲ್ಲಿನವರು ಇಂದಿಗೂ ಬಸ್ ಹತ್ತಿ ಫ್ಲಶಿಂಗ್‌ಗೆ ಬಂದು ರೈಲು ಹಿಡಿಯಬೇಕು. ನಗರದ ಉತ್ತರ ಭಾಗವಾದ ಬ್ರಾಂಕ್ಸ್‌ನಿಂದ ನಗರದಾಚೆಯ ವೈಟ್ ಪ್ಲೇನ್ಸ್ ಊರಿನ ಕಡೆಗೆ 1912ರಲ್ಲಿ ಹೊರಟ ವಿದ್ಯುತ್ ರೈಲು, ನಗರದ ಕೇಂದ್ರವಾದ ಮ್ಯಾನ್‌ಹಟನ್‌ವರೆಗೆ ಹೋಗದೆ ನಡುವೆಯೇ ಗಾಡಿ ಬದಲಿಸುವಂತೆ ಮಾಡಿದ್ದರಿಂದ ಎಂದೂ ಲಾಭ ಕಾಣದೆ, 1937ರ ಕೊನೆಯ ದಿನ ನಿಂತಿತು. ನಗರದೊಳಗಿನ ತುಂಡನ್ನು ಮಾತ್ರ ಕೊಂಡು 1941ರಲ್ಲಿ ಸಬ್‌ವೇ ಓಡಿಸಿದರು, ಗಡಿಯಾಚೆಯ ಹಳಿಯನ್ನು ಕಿತ್ತುಹಾಕಿದರು. ಮೆಟ್ರೊ ಮುಟ್ಟದ ಊರಿನವರ ಪಾಡು ಇದು. ಇದನ್ನು ನಮಗೆ ಮಾದರಿ ಎಂದು ಹೇಳಲು ಮನಸ್ಸಾದರೂ ಹೇಗೆ ಬಂತು?

ನಮ್ಮಲ್ಲಿ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ 148 ಕಿ.ಮೀ. ಉಪನಗರ ರೈಲು ಇನ್ನೂ ಹಳಿಯ ಮೇಲೆ ಬಂದಿಲ್ಲ. ಊರಾಚೆ ಅಷ್ಟರಲ್ಲೇ ಸಾವಿರಾರು ಮನೆಗಳಾಗಿವೆ. ನಿಲ್ದಾಣದಿಂದ ಮೆಟ್ರೊಗೆ ಒಂದು ಮೇಲ್ಸೇತುವೆ ಬೇಕೆಂದು ನಾಲ್ಕು ಅರ್ಜಿ ಕೊಟ್ಟಿದ್ದೇನೆ. ಅಧಿಕಾರಿ ವರ್ಗವಾದಾಗಲೆಲ್ಲ ‘ಹೊಸದಾಗಿ ಬರೆದುಕೊಡಿ’ ಎನ್ನುತ್ತಾರೆ. ಬೀದಿದೀಪಕ್ಕೂ ಇದೇ ಉತ್ತರ, ಶೌಚಾಲಯಕ್ಕೂ ಇದೇ ಉತ್ತರ.

ರೈಲುಗಳನ್ನು ಹೆಚ್ಚಿಸಲಿ, ಇಲ್ಲವೇ ಇರುವುದನ್ನಾದರೂ ಹೊತ್ತಿಗೆ ಬಿಡಲಿ. ಮೆಟ್ರೊಗೂ ರೈಲಿಗೂ ಒಂದೇ ಟಿಕೆಟ್ ಮಾಡಲಿ. ಯಾವುದೂ ಆಗದಿದ್ದರೆ, ಸಂಬಂಧಪಟ್ಟವರು ಒಂದು ದಿನ ಬೆಳಿಗ್ಗೆ ಎಂಟಕ್ಕೆ ನಮ್ಮ ಪ್ಲಾಟ್‌ಫಾರಂಗೆ ಬಂದು ‘ಕೇಳುವವರು ಯಾರು’ ಎಂದು ನಮ್ಮೆದುರೇ ಕೇಳಲಿ.

– ನಿತ್ಯ ಪ್ರಯಾಣಿಕ, ಬೆಂಗಳೂರು