ಕೊನೆ ಮನೆಯ ನೀರನ್ನೂ ಪರೀಕ್ಷಿಸಿ

ಮಾನ್ಯರೇ,

ಮನೆ ಮನೆಗೆ ನಲ್ಲಿ ಬಂದಿದೆ, ಆದರೆ ಆ ನೀರು ಕುಡಿಯಬಹುದೋ ಇಲ್ಲವೋ ಎಂಬುದು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಎರಡು ದಿನಕ್ಕೊಮ್ಮೆ ಒಂದು ಗಂಟೆ ನೀರು ಬಿಡುತ್ತಾರೆ. ಮೊದಲ ನಾಲ್ಕೈದು ಕೊಡ ಕೆಂಪಗಿರುತ್ತದೆ. ನಲ್ಲಿಗೆ ಕಟ್ಟಿದ ಬಿಳಿ ಪಂಚೆ ತುಂಡು ವಾರದಲ್ಲೇ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಕೆಸರಾದರೂ ಕಣ್ಣಿಗೆ ಕಾಣುತ್ತದೆ. ಕಾಣದ್ದರ ಭಯವೇ ಜಾಸ್ತಿ. ನಮ್ಮ ಬೀದಿಯಲ್ಲಿ ಪೈಪು ಚರಂಡಿಯೊಳಗೇ ಹಾದುಹೋಗಿದೆ. ನೀರು ನಿಲ್ಲಿಸಿದ ಮೇಲೆ ಪೈಪಿನ ಒತ್ತಡ ಇಳಿದು, ಸೋರುವ ಜಾಯಿಂಟ್‌ಗಳ ಮೂಲಕ ಚರಂಡಿ ನೀರು ಒಳಸೇರುತ್ತದೆ. ವಾಂತಿಭೇದಿ ಹರಡಲು ಇಷ್ಟು ಸಾಕು, ಅಲ್ವಾ? ಪಂಚಾಯಿತಿಯವರನ್ನು ಕೇಳಿದರೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ (ಕ್ರಿಮಿ ಕೊಲ್ಲುವ ಕ್ಲೋರಿನ್ ಇರುವ ಪುಡಿ) ಹಾಕಿದ್ದೇವೆ ಎನ್ನುತ್ತಾರೆ. ಆದರೆ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ, ಕ್ಲೋರಿನ್ ಹಾಕಿದ ನೀರು ಬಳಕೆದಾರರ ನಲ್ಲಿ ತಲುಪಿದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಟ್ಯಾಂಕಿನ ಬುಡದಲ್ಲಿ ನಿಂತು ನೋಡಿದರೆ ಇದು ತಿಳಿಯುವುದಿಲ್ಲ.

ನೀರುಗಂಟಿಯ ಕೈಗೆ ಕ್ಲೋರಿನ್ ಪರೀಕ್ಷೆಯ ಪುಟ್ಟ ಕಿಟ್ ಕೊಡಲಿ. ನೀರು ಬಿಡುವ ಪ್ರತಿ ದಿನವೂ ಊರಿನ ಕೊನೆ ಮನೆಯ ನಲ್ಲಿಯಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿ ಬೋರ್ಡಿನ ಮೇಲೆ ಬರೆಸಲಿ. ಚರಂಡಿಯೊಳಗಿನ ಪೈಪನ್ನು ಮಳೆಗಾಲಕ್ಕೆ ಮೊದಲೇ ಮೇಲೆತ್ತಿ ಹಾಕಲಿ.

– ಒಬ್ಬ ಗ್ರಾಮಸ್ಥ, ತುಮಕೂರು ಜಿಲ್ಲೆ