ಮಗಳಿಗೊಂದು ಪತ್ರ: ಫಿರಂಗಿದಳದ ಓವನ್ ಕ್ಯಾಂಬೆಲ್

ಪ್ರೀತಿಯ ಮಗಳೇ,

ಏಪ್ರಿಲ್ 25ರ ನಸುಕಿನಲ್ಲಿ ಬ್ರಿಸ್ಬೇನ್‌ನ ಆನ್ಜಾಕ್ ಸ್ಮರಣೆಗೆ, ಅಂದರೆ ಯುದ್ಧಗಳಲ್ಲಿ ಮಡಿದ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೈನಿಕರನ್ನು ನೆನೆಯುವ ಕಾರ್ಯಕ್ರಮಕ್ಕೆ, ಹೋಗುವುದಾಗಿ ಬರೆದಿದ್ದೀಯೆ. ಸಂತೋಷ. ಅದಕ್ಕೂ ಮೊದಲು ನೀನಿರುವ ಕ್ವೀನ್ಸ್‌ಲ್ಯಾಂಡ್‌ನದೇ ಒಬ್ಬ ಸೈನಿಕನ ಕಥೆ ನಿನಗೆ ಗೊತ್ತಿರಬೇಕು.

ಓವನ್ ಕ್ಯಾಂಬೆಲ್ ಹಳ್ಳಿಗಾಡಿನ ದುಡಿಮೆಗೆ ಒಗ್ಗಿದ ಆಳು. ಎರಡನೇ ಮಹಾಯುದ್ಧದಲ್ಲಿ ಸೇರಿದ್ದು ಆಸ್ಟ್ರೇಲಿಯಾ ಸೇನೆಯ 2/10ನೇ ಫೀಲ್ಡ್ ರೆಜಿಮೆಂಟ್ ಎಂಬ ಫಿರಂಗಿದಳಕ್ಕೆ. ಅವರ ‘25 ಪೌಂಡರ್’ ಫಿರಂಗಿ ಹನ್ನೊಂದು ಕಿಲೋಗೂ ಮಿಕ್ಕ ಗುಂಡನ್ನು ಸುಮಾರು 12 ಕಿ.ಮೀ. ದೂರಕ್ಕೆ ಹಾರಿಸುತ್ತಿತ್ತು. ಒಂದು ಫಿರಂಗಿಗೆ ಆರು ಜನ. ಒಬ್ಬನ ಕೈ ತಡವಾದರೂ ಉಳಿದ ಐವರು ಕಾಯಬೇಕು. 1942ರ ಜನವರಿಯಲ್ಲಿ ಈ ರೆಜಿಮೆಂಟ್ ಮಲಯಾದ (ಇಂದಿನ ಮಲೇಷ್ಯಾ) ಮೆರ್ಸಿಂಗ್ ಕಡೆ ಜಪಾನೀಯರ ವಿರುದ್ಧ ಹೋರಾಡಿತು. ಫೆಬ್ರವರಿ 15ಕ್ಕೆ ಸಿಂಗಪುರವೇ ಶರಣಾಯಿತು. ಫಿರಂಗಿ ಹಿಡಿದು ಕಾದಾಡಿದ್ದು ಕೆಲವೇ ವಾರ, ಸೆರೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು. ಅವನ ನಿಜವಾದ ಸೇವೆ ಆ ಸೆರೆಯಲ್ಲೇ ನಡೆಯಿತು ಎಂದು ನಾನು ನಂಬುತ್ತೇನೆ.

ಬೋರ್ನಿಯೋ ದ್ವೀಪದ ಸಂಡಕಾನ್‌ನಲ್ಲಿ ಜಪಾನೀಯರು ಹೀಗೆ ಸೆರೆಸಿಕ್ಕ ಕೈದಿಗಳಿಂದ ವಿಮಾನ ನಿಲ್ದಾಣ ಕಟ್ಟಿಸಿದರು. 1945ರಲ್ಲಿ ಅವರನ್ನು ಕಾಡು, ಕೆಸರು, ಬೆಟ್ಟಗಳ ನಡುವೆ ಸುಮಾರು 260 ಕಿ.ಮೀ. ದೂರದ ರನಾವ್‌ಗೆ ನಡೆಸಿದರು. ಹೊಟ್ಟೆಗೆ ಹಿಡಿ ಅನ್ನ, ಮೈಗೆ ಮಲೇರಿಯಾ, ಪೋಷಕಾಂಶವಿಲ್ಲದೆ ಬರುವ ಬೆರಿಬೆರಿ ರೋಗ. ನಡೆಯಲಾಗದವರನ್ನು ಕೊಂದರು.

ಜೂನ್‌ನಲ್ಲಿ ಕ್ಯಾಂಬೆಲ್ ಮತ್ತು ನಾಲ್ವರು ಗೆಳೆಯರು ದಾರಿಯಲ್ಲೇ ತಪ್ಪಿಸಿಕೊಂಡು ಕಾಡು ಹೊಕ್ಕರು. ಅವರಲ್ಲೊಬ್ಬನಾದ ಟೆಡ್ ಸ್ಕಿನ್ನರ್‌ಗೆ ಆಮಶಂಕೆ ಉಲ್ಬಣಿಸಿ ಹೆಜ್ಜೆಯಿಡಲಾಗದಾದಾಗ ಕ್ಯಾಂಬೆಲ್ ಅವನ ಬಳಿಯೇ ಉಳಿದ. ಬೆನ್ನ ಹಿಂದೆ ವೈರಿಗಳಿದ್ದಾಗ ಹಾಗೆ ಉಳಿಯುವುದೆಂದರೇನು, ಯೋಚಿಸು. ತನ್ನಿಂದಾಗಿ ಗೆಳೆಯನೂ ಸಾಯಬಾರದೆಂದು ಸ್ಕಿನ್ನರ್ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಮುಂದೆ ಇಬ್ಬರು ನದಿಯ ಬಳಿ ಜಪಾನೀಯರ ಗುಂಡಿಗೆ ಬಲಿಯಾದರು, ಇನ್ನೊಬ್ಬ ಕಾಯಿಲೆಯಿಂದ ತೀರಿಕೊಂಡ. ಕ್ಯಾಂಬೆಲ್ ಒಬ್ಬನೇ ಕಾಡಿನಲ್ಲಿ ಅಲೆದ.

ಅವನನ್ನು ಕಂಡು ಎತ್ತಿಕೊಂಡವರು ಅಲ್ಲಿನ ಹಳ್ಳಿಯವರು. ಮುಖಂಡ ಕುಲಾಂಗ್ ಅವನನ್ನು ಬಚ್ಚಿಟ್ಟು, ಅನ್ನ ಹಾಕಿ, ಕೊನೆಗೆ ಆಸ್ಟ್ರೇಲಿಯಾದ ಗುಪ್ತದಳದವರ ಬಳಿಗೆ ತಲುಪಿಸಿದ. ಸಿಕ್ಕಿಬಿದ್ದಿದ್ದರೆ ಆ ಹಳ್ಳಿಗೆ ಉಳಿಗಾಲವಿರಲಿಲ್ಲ. ಯಾವ ಸೇನೆಯ ಆಜ್ಞೆಯೂ ಅವರ ಮೇಲಿರಲಿಲ್ಲ. ಕ್ಯಾಂಬೆಲ್‌ನಷ್ಟೇ ಗೌರವ ನನಗೆ ಅವರ ಮೇಲಿದೆ.

1945ರ ಆರಂಭದಲ್ಲಿ ಸಂಡಕಾನ್‌ನಲ್ಲಿದ್ದ ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನ ಸಾವಿರಾರು ಕೈದಿಗಳಲ್ಲಿ ಬದುಕಿ ಉಳಿದವರು ಆರೇ ಮಂದಿ. ಆರೂ ಆಸ್ಟ್ರೇಲಿಯಾದವರು, ಕ್ಯಾಂಬೆಲ್, ಬ್ರೇತ್‌ವೇಟ್, ಮಾಕ್ಸಮ್ ಮೂವರೂ ಫಿರಂಗಿದಳದವರು. ಆರು ಮಂದಿಯಲ್ಲಿ ಕೊನೆಯವನಾಗಿ 2003ರಲ್ಲಿ ಕ್ಯಾಂಬೆಲ್ ತೀರಿಕೊಂಡ.

ಫಿರಂಗಿದಳದ ಉಳಿದಿಬ್ಬರಾದ ಬ್ರೇತ್‌ವೇಟ್, ಮಾಕ್ಸಮ್ ಬಗ್ಗೆ ನಿನ್ನ ಊರಿನ ಗ್ರಂಥಾಲಯದಲ್ಲಿ ಹುಡುಕಿ ಓದಿ ನನಗೆ ಬರೆ. ರಾತ್ರಿ ಒಬ್ಬಳೇ ಕುಳಿತು ಮಾತ್ರ ಓದಬೇಡ ಮಗಳೇ, ಹಗಲಿನಲ್ಲಿ ಓದು.

ನಿನ್ನ ಪ್ರೀತಿಯ,
ಅಪ್ಪ